ಅಕ್ಕ-ತಮ್ಮ, ಒಂದು ದೋಣಿ, ನಾಲ್ಕು ರಾತ್ರಿ: ಅಲ್ಗಾಂಕ್ವಿನ್ ಒಳಗಾಡಿಗೆ ಹೊರಡುವ ತಯಾರಿ

ಟೊರಾಂಟೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಒಂಟಾರಿಯೊ ಪ್ರಾಂತ್ಯದ ಅಲ್ಗಾಂಕ್ವಿನ್ ಉದ್ಯಾನದ ಹೆಸರು ಕೇಳದವರು ಕಡಿಮೆ. ಮೇಪಲ್ ಎಲೆ ಕೆಂಪಾಗುವ ದಿನಗಳಲ್ಲಿ ಹೆದ್ದಾರಿ 60ರಲ್ಲಿ ಕಾರುಗಳ ಸಾಲು ನಿಲ್ಲುತ್ತದೆ. ಫೋಟೊ ತೆಗೆದು, ಕಟ್ಟಿಕೊಂಡು ಬಂದ ಪುಳಿಯೋಗರೆ ತಿಂದು, ಸಂಜೆಗೆ ಎಲ್ಲರೂ ಮನೆ ಸೇರುತ್ತಾರೆ. ಆ ಹೆದ್ದಾರಿ ಉದ್ಯಾನದ ದಕ್ಷಿಣ ಭಾಗವನ್ನು ಬರೀ 56 ಕಿಲೋಮೀಟರಿನಷ್ಟು ಹಾದುಹೋಗುತ್ತದೆ. 1893ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ವಿಸ್ತಾರ 7,600 ಚದರ ಕಿಲೋಮೀಟರಿಗೂ ಹೆಚ್ಚು. ಕೊಡಗು ಜಿಲ್ಲೆಯ ಹತ್ತಿರಹತ್ತಿರ ಎರಡರಷ್ಟು. ಅದರ ಬಹುಭಾಗಕ್ಕೆ ಸಾರ್ವಜನಿಕ ರಸ್ತೆಯೇ ಇಲ್ಲ. ಅಲ್ಲಿಗೆ ಹೋಗುವ ಮುಖ್ಯ ಸಾಧನ ಕನೂ ದೋಣಿ, ಮತ್ತು ಅದನ್ನು ಹೊರುವ ಹೆಗಲು.

ಅಂಥ ಪ್ರವಾಸಕ್ಕೆ ನಾನು ಜೊತೆ ಮಾಡಿಕೊಳ್ಳುವುದು ನನ್ನ ತಮ್ಮನನ್ನು. ಗೆಳೆಯರ ಗುಂಪಿನೊಡನೆ ಹೋದರೆ ಸಂತೆ ನಮ್ಮ ಜೊತೆಗೇ ಬರುತ್ತದೆ. ಒಂದೇ ಮನೆಯಲ್ಲಿ ಬೆಳೆದ ಇಬ್ಬರು ಮಾತಿಲ್ಲದೆ ಗಂಟೆಗಟ್ಟಲೆ ಕೂರಬಲ್ಲರು. ಆದರೆ ಅದೇ ಇಬ್ಬರು ಹತ್ತೇ ನಿಮಿಷದಲ್ಲಿ ಹಳೆಯ ಜಗಳವನ್ನೂ ಎತ್ತಬಲ್ಲರು. ಆದ್ದರಿಂದ ಡೇರೆ, ದೋಣಿ, ಅಕ್ಕಿ, ಬೇಳೆಯಷ್ಟೇ ಗಮನವನ್ನು ಇಬ್ಬರ ನಡುವಿನ ಒಪ್ಪಂದಕ್ಕೂ ಕೊಡಬೇಕು. ಈ ಲೇಖನ ಎರಡರ ಬಗ್ಗೆಯೂ ಇದೆ.

ಏಕಾಂತ ಎಲ್ಲಿ ಸಿಗುತ್ತದೆ

ಮೊದಲು ಉದ್ಯಾನದ ದೋಣಿಮಾರ್ಗಗಳ ನಕ್ಷೆ ಕೊಂಡುಕೊಳ್ಳಿ. ಕಾಗದದ್ದೇ ಆಗಬೇಕು, ನೀರು ತಾಗಿದರೆ ಹಾಳಾಗದಂಥದ್ದು. ಅದರಲ್ಲಿ ಒಂದು ಸರೋವರದಿಂದ ಇನ್ನೊಂದಕ್ಕೆ ಎಳೆದ ಗೆರೆಗಳಿರುತ್ತವೆ, ಪಕ್ಕದಲ್ಲಿ ಒಂದು ಸಂಖ್ಯೆ. ಇವು ಪೋರ್ಟೇಜ್‌ಗಳು, ಅಂದರೆ ದೋಣಿಯನ್ನೂ ಸಾಮಾನನ್ನೂ ಹೊತ್ತು ನಡೆಯಬೇಕಾದ ಕಾಡುಹಾದಿಗಳು. ಸಂಖ್ಯೆ ಅದರ ಉದ್ದ, ಮೀಟರ್‌ಗಳಲ್ಲಿ. ಕ್ಯಾಂಪಿಂಗ್ ಜಾಗಗಳಿಗೂ ಗುರುತುಗಳಿರುತ್ತವೆ.

ಹೆಚ್ಚಿನವರು ಸರೋವರದ ಚೆಂದ, ದೂರ ನೋಡಿ ದಾರಿ ಆರಿಸುತ್ತಾರೆ. ನೀವು ಈ ಸಂಖ್ಯೆಗಳನ್ನು ನೋಡಿ. ಇನ್ನೂರು ಮುನ್ನೂರು ಮೀಟರಿನ ಹಾದಿಗಳನ್ನು ಮಕ್ಕಳೊಂದಿಗೆ ಬಂದವರೂ ದಾಟುತ್ತಾರೆ. ಏಳುನೂರು ಎಂಟುನೂರು ಮೀಟರ್ ಎಂದಕೂಡಲೇ ಅರ್ಧಕ್ಕರ್ಧ ಜನ ಈಚೆಯೇ ಉಳಿಯುತ್ತಾರೆ. ಎರಡು ಕಿಲೋಮೀಟರ್ ದಾಟಿದ ಹಾದಿಯ ಆಚೆ ಸರೋವರ ಬಹುತೇಕ ನಿಮ್ಮದೇ. ದಿನವಿಡೀ ನೀರಿನ ಮೇಲೆ ದೂರ ಹೋಗಿ ಪಡೆಯಲಾಗದ ನಿಶ್ಶಬ್ದ, ಒಂದು ಗಂಟೆ ಹೊರೆ ಹೊತ್ತು ನಡೆದರೆ ಸಿಗುತ್ತದೆ. ಇಡೀ ಯೋಜನೆ ನಿಂತಿರುವುದು ಈ ಲೆಕ್ಕದ ಮೇಲೆ.

ಒಂದು ನಿಜವಾದ ದಾರಿಯನ್ನೇ ತೆಗೆದುಕೊಳ್ಳೋಣ. ಹೆದ್ದಾರಿ 60ರ ಪಕ್ಕದ ಕನೂ ಲೇಕ್ ಅತ್ಯಂತ ಜನಪ್ರಿಯ ಪ್ರವೇಶದ್ವಾರ. ಚಿತ್ರಕಾರ ಟಾಮ್ ಥಾಮ್ಸನ್ 1917ರಲ್ಲಿ ತೀರಿಕೊಂಡದ್ದು ಇದೇ ನೀರಿನಲ್ಲಿ. ಅವನ ಸ್ಮಾರಕ ದಡದ ಮೇಲಿದೆ. ಬೇಸಿಗೆಯ ಶನಿವಾರ ಇಲ್ಲಿ ದೋಣಿಗಳ ಜಾತ್ರೆ. ಉತ್ತರ ತುದಿಗೆ ಹೋಗಿ ಸುಮಾರು ಮುನ್ನೂರು ಮೀಟರ್ ಹೊತ್ತು ನಡೆದರೆ ಜೋ ಲೇಕ್; ಅಲ್ಲಿಯೂ ಜನ. ಲಿಟಲ್ ಜೋ, ಬೇಬಿ ಜೋ ಕೆರೆಗಳನ್ನು ಚಿಕ್ಕಚಿಕ್ಕ ಹಾದಿಗಳಿಂದ ದಾಟಿ ಬರ್ನ್ಟ್ ಐಲೆಂಡ್ ಲೇಕ್ ಸೇರುವ ಹೊತ್ತಿಗೆ ಗುಂಪು ತೆಳ್ಳಗಾಗಿರುತ್ತದೆ. ಅದರ ಪೂರ್ವದ ತುದಿಯಿಂದ ಲಿಟಲ್ ಆಟರ್‌ಸ್ಲೈಡ್ ಕಡೆಗೆ ಸುಮಾರು ಎಂಟುನೂರು ಮೀಟರಿನ ಪೋರ್ಟೇಜ್ ಇದೆ. ಅದರ ಆಚೆ ಲೂನ್ ಹಕ್ಕಿಯ ಕೂಗಿಗೆ ಮನುಷ್ಯರ ದನಿ ಅಡ್ಡ ಬರುವುದು ಅಪರೂಪ.

ನಾಲ್ಕು ರಾತ್ರಿಗಳನ್ನು ಹೀಗೆ ಹಂಚಬಹುದು: ಮೊದಲ ರಾತ್ರಿ ಬರ್ನ್ಟ್ ಐಲೆಂಡ್, ಎರಡನೆಯ ಮತ್ತು ಮೂರನೆಯ ರಾತ್ರಿ ಲಿಟಲ್ ಆಟರ್‌ಸ್ಲೈಡ್ ಆಚೆಯ ಆಟರ್‌ಸ್ಲೈಡ್, ನಾಲ್ಕನೆಯದು ವಾಪಸು ಬರುವ ದಾರಿಯಲ್ಲಿ ಜೋ ಕೆರೆಗಳ ಪೈಕಿ ಎಲ್ಲಾದರೂ. ಎರಡು ರಾತ್ರಿ ಒಂದೇ ಕಡೆ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ದಿನವೂ ಡೇರೆ ಕಿತ್ತು, ಹೊತ್ತು, ಮತ್ತೆ ಹೂಡಿದರೆ ಕಾಡು ನೋಡಲು ಸಮಯ ಎಲ್ಲಿ? ನಡುವಿನ ದಿನ ಖಾಲಿ ದೋಣಿಯಲ್ಲಿ ಕೊಲ್ಲಿಕೊಲ್ಲಿ ಸುತ್ತಿ ಬನ್ನಿ. ಜೌಗಿನ ಅಂಚಿನಲ್ಲಿ ಮೂಸ್ ಎಂಬ ಭಾರಿ ಜಿಂಕೆ ಕಾಣಿಸುವುದಿದ್ದರೆ ಅಂಥ ನಿರುದ್ದೇಶದ ಬೆಳಗಿನಲ್ಲೇ.

ಶುರುವಿನಲ್ಲಿ ಇಷ್ಟು ಜನಜಂಗುಳಿ ಬೇಡ ಎನ್ನುವವರಿಗೆ ಪಶ್ಚಿಮದ ಬಾಗಿಲುಗಳಿವೆ. ಕಿಯರ್ನಿ ಊರಿನ ಕಡೆಯಿಂದ ಮ್ಯಾಗ್ನೆಟವಾನ್ ಅಥವಾ ರೇನ್ ಲೇಕ್, ಸೌತ್ ರಿವರ್ ಊರಿನ ಕಡೆಯಿಂದ ಕವಾವೇಮಾಗ್ ಸರೋವರ. ಜಲ್ಲಿರಸ್ತೆಯಲ್ಲಿ ಕಾರು ನಿಧಾನವಾಗುತ್ತದೆ. ಹೆದ್ದಾರಿಯ ಗದ್ದಲ ಮಾತ್ರ ಮೊದಲ ಗಳಿಗೆಯಿಂದಲೇ ಇರುವುದಿಲ್ಲ. ಇನ್ನೊಂದು ದಾರಿ ಒಪಿಯಾಂಗೊ, ಉದ್ಯಾನದ ಅತಿ ದೊಡ್ಡ ಸರೋವರ. ಗಾಳಿಗೆ ಮೈಯೊಡ್ಡಿರುವ ಆ ನೀರನ್ನು ಹೊಸಬರು ಹುಟ್ಟು ಹಾಕಿ ದಾಟುವುದು ಬೇಡ. ಅಲ್ಲಿ ದೋಣಿಯನ್ನೂ ನಿಮ್ಮನ್ನೂ ಆಚೆ ತುದಿಗೆ ಒಯ್ದು ಬಿಡುವ ಮೋಟಾರು ದೋಣಿಯ ಸೇವೆ ಇದೆ. ಹಾಗೆ ದಾಟಿ, ಹ್ಯಾಪಿ ಐಲ್ ಕಡೆಗಿನ ಎರಡು ಕಿಲೋಮೀಟರಿಗೂ ಉದ್ದದ ಪೋರ್ಟೇಜ್ ನಡೆದರೆ ಒಂದೇ ದಿನದಲ್ಲಿ ಒಳಗಾಡು ಸೇರಬಹುದು. ಗಟ್ಟಿಗರಿಗೆ ಮಾತ್ರ.

ಯಾವಾಗ ಹೋಗಬೇಕು

ನನ್ನ ಉತ್ತರ ಒಂದೇ: ಸೆಪ್ಟೆಂಬರ್‌ನ ಮೊದಲ ಸೋಮವಾರ ಬರುವ ಇಲ್ಲಿನ ಕಾರ್ಮಿಕರ ದಿನದ ರಜೆ ಮುಗಿದ ಮೇಲೆ, ಅದೇ ತಿಂಗಳಲ್ಲಿ, ವಾರದ ನಡುವಿನ ದಿನಗಳಲ್ಲಿ. ಸೋಮವಾರ ಹೊರಟು ಶುಕ್ರವಾರ ಮರಳಿ.

ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಸರೋವರಗಳ ಮಂಜುಗಡ್ಡೆ ಕರಗುತ್ತದೆ. ಆಗಿನ ನೀರು ಪ್ರಾಣಾಂತಿಕ ತಂಪು. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಬ್ಲ್ಯಾಕ್ ಫ್ಲೈ ಎಂಬ ಪುಟ್ಟ ಕರಿನೊಣಗಳ ರಾಜ್ಯ. ಕಿವಿಯ ಹಿಂದೆ, ಕೂದಲಂಚಿನಲ್ಲಿ, ಕಾಲರ್ ಒಳಗೆ ಕಚ್ಚಿ ರಕ್ತ ಬರಿಸುತ್ತವೆ. ಅವು ಕಡಿಮೆಯಾಗುವಷ್ಟರಲ್ಲಿ ಸೊಳ್ಳೆ. ಜುಲೈ, ಆಗಸ್ಟ್‌ನಲ್ಲಿ ನೀರು ಹಿತವಾಗಿರುತ್ತದೆ, ಜನ ಜಾಸ್ತಿ. ಸೆಪ್ಟೆಂಬರ್ ಬಂತೆಂದರೆ ಹುಳುಹುಪ್ಪಟೆ ಅಡಗಿರುತ್ತವೆ, ಶಾಲೆ ಶುರುವಾಗಿ ಜನ ಕರಗಿರುತ್ತಾರೆ. ರಾತ್ರಿ ಚಳಿ ಇರುತ್ತದೆ, ಸೊನ್ನೆಯ ಹತ್ತಿರಕ್ಕೂ ಇಳಿಯಬಹುದು. ಹಗಲೂ ಚಿಕ್ಕದಾಗುತ್ತದೆ, ತಿಂಗಳ ನಡುವಿನಲ್ಲಿ ಸಂಜೆ ಏಳೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಮೂರು ಗಂಟೆಯ ಹೊತ್ತಿಗೆ ಡೇರೆಯ ಜಾಗ ಹಿಡಿಯುವಂತೆ ದಿನವನ್ನು ಹೊಂದಿಸಿಕೊಳ್ಳಿ. ತಿಂಗಳ ಕೊನೆಗೆ ಗಂಡು ಮೂಸ್‌ಗಳು ಬೆದೆಗೆ ಬಂದು ಸಿಡುಕಿನಲ್ಲಿರುತ್ತವೆ. ಕಂಡರೆ ಫೋಟೊ ಆಸೆಗೆ ಹತ್ತಿರ ಹೋಗಬೇಡಿ.

ಬುಕ್ಕಿಂಗ್ ಮತ್ತು ನಿಯಮಗಳು

ಒಳಗಾಡಿನ ಪರವಾನಗಿಯನ್ನು ಒಂಟಾರಿಯೊ ಪಾರ್ಕ್ಸ್ ಜಾಲತಾಣದಲ್ಲಿ, ಒಳಹೋಗುವ ದಿನಕ್ಕೆ ಐದು ತಿಂಗಳು ಮೊದಲಿನಿಂದ ಕಾಯ್ದಿರಿಸಬಹುದು. ಪ್ರತಿ ರಾತ್ರಿ ಯಾವ ಸರೋವರದಲ್ಲಿ ಇರುತ್ತೀರಿ ಎಂದು ಹೇಳಬೇಕು. ಕಾಯ್ದಿರಿಸುವುದು ಸರೋವರವನ್ನು, ನಿರ್ದಿಷ್ಟ ಜಾಗವನ್ನಲ್ಲ. ಅಲ್ಲಿ ತಲುಪಿದ ಮೇಲೆ ಕಿತ್ತಳೆ ಬಣ್ಣದ ಫಲಕ ಇರುವ ಜಾಗಗಳಲ್ಲಿ ಖಾಲಿ ಇರುವುದು ಮೊದಲು ಬಂದವರಿಗೆ. ಬೇಗ ಹೊರಟು ಬೇಗ ತಲುಪಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ. ಪೋರ್ಟೇಜ್ ಶುರುವಾಗುವ ಕಡೆ ಹಳದಿ ಫಲಕ ಇರುತ್ತದೆ. ನೀರಿನ ನಡುವಿನಿಂದ ನೋಡಿದಾಗ ಒಂದು ಚುಕ್ಕೆಯಷ್ಟೇ, ಆದ್ದರಿಂದ ಚಿಕ್ಕ ದುರ್ಬೀನು ಉಪಯೋಗಕ್ಕೆ ಬರುತ್ತದೆ.

ಗಾಜಿನ ಬಾಟಲಿ, ತಗಡಿನ ಡಬ್ಬಿಯಲ್ಲಿ ಮುಚ್ಚಿದ ಆಹಾರ, ಪಾನೀಯದ ಕ್ಯಾನ್ ಒಳಗೆ ಒಯ್ಯುವಂತಿಲ್ಲ. ಉಪ್ಪಿನಕಾಯಿಯ ಗಾಜಿನ ಭರಣಿ ಕಾರಿನಲ್ಲೂ ಬೇಡ, ಮನೆಯಲ್ಲೇ ಇರಲಿ. ಬೇಕಾದಷ್ಟನ್ನು ಮತ್ತೆಮತ್ತೆ ಬಳಸುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ. ಮೀನು ಹಿಡಿಯುವ ಆಸೆಯಿದ್ದರೆ ಪ್ರಾಂತ್ಯದ ಪರವಾನಗಿ ಬೇರೆ ಬೇಕು, ಜೀವಂತ ಮೀನನ್ನು ಗಾಳಕ್ಕೆ ಸಿಕ್ಕಿಸುವುದು ಇಲ್ಲಿ ನಿಷಿದ್ಧ. ಬೆಂಕಿಯನ್ನು ಅಲ್ಲಿ ಮೊದಲೇ ಇರುವ ಕಲ್ಲಿನ ಒಲೆಯಲ್ಲಿ ಮಾತ್ರ ಹಚ್ಚಿ. ಬೆಂಕಿನಿಷೇಧ ಜಾರಿಯಲ್ಲಿದೆಯೇ ಎಂದು ಹೊರಡುವ ಮುನ್ನಾದಿನ ನೋಡಿ.

ದೋಣಿ, ಮತ್ತು ಯಾರು ಎಲ್ಲಿ ಕೂರಬೇಕು

ಬಾಡಿಗೆಗೆ ತೆಗೆದುಕೊಳ್ಳುವಾಗ ಹದಿನಾರರಿಂದ ಹದಿನೇಳು ಅಡಿಯ, ಇಬ್ಬರು ಕೂರುವ, ಕೆವ್ಲಾರ್ ಎಂಬ ಹಗುರ ನಾರಿನ ದೋಣಿ ಕೇಳಿ. ಬಾಡಿಗೆ ಹೆಚ್ಚು ಎಂದು ಅಲ್ಯೂಮಿನಿಯಂ ದೋಣಿಗೆ ಇಳಿಯಬೇಡಿ. ಕೆವ್ಲಾರ್ ಸುಮಾರು ಇಪ್ಪತ್ತು ಕಿಲೋ, ಅಲ್ಯೂಮಿನಿಯಂ ಮೂವತ್ತು ದಾಟುತ್ತದೆ. ಎಂಟುನೂರು ಮೀಟರಿನ ಏರಿಳಿತದಲ್ಲಿ ಆ ಹತ್ತು ಕಿಲೋ ಏನೆಂದು ಹೆಗಲಿಗೆ ಗೊತ್ತಾಗುತ್ತದೆ. ಕೆವ್ಲಾರ್ ಬಂಡೆಗೆ ಉಜ್ಜಿದರೆ ಹರಿಯುತ್ತದೆ, ಅದಕ್ಕೇ ದಡಕ್ಕೆ ನುಗ್ಗಿಸಬಾರದು. ಮೊಣಕಾಲುದ್ದ ನೀರಿನಲ್ಲೇ ಇಳಿದು ಎತ್ತಿ ತರಬೇಕು. ಪಾದ ಒದ್ದೆಯಾಗುವುದು ಖಂಡಿತ. ನೀರಿಗೊಂದು, ಡೇರೆಯ ಬಳಿಗೊಂದು, ಎರಡು ಜೊತೆ ಪಾದರಕ್ಷೆ ಇರಲಿ.

ಹಿಂದೆ ಕೂತವರು ದಿಕ್ಕು ತಿರುಗಿಸುತ್ತಾರೆ, ಮುಂದೆ ಕೂತವರು ಬಲ ಕೊಡುತ್ತಾರೆ, ಬಂಡೆಗಳನ್ನು ನೋಡಿ ಹೇಳುತ್ತಾರೆ. ಇಬ್ಬರೂ ಎದುರುಬದುರು ಪಕ್ಕದಲ್ಲಿ ಹುಟ್ಟು ಹಾಕಬೇಕು. ಬರೀ ನೇರ ಎಳೆದರೆ ದೋಣಿ ಹಿಂದಿನವರ ಹುಟ್ಟಿನ ವಿರುದ್ಧ ದಿಕ್ಕಿಗೆ ವಾಲುತ್ತಾ ಹೋಗುತ್ತದೆ. ಅದನ್ನು ಸರಿಪಡಿಸುವ ಜೆ ಹೊಡೆತವನ್ನು ಮನೆ ಹತ್ತಿರದ ಕೆರೆಯಲ್ಲೇ ಕಲಿಯಿರಿ: ಹುಟ್ಟನ್ನು ಸೊಂಟದವರೆಗೆ ಎಳೆದ ಮೇಲೆ, ಮೇಲಿನ ಕೈಯ ಹೆಬ್ಬೆರಳು ನೆಲ ನೋಡುವಂತೆ ಮಣಿಕಟ್ಟು ತಿರುಗಿಸಿ, ಅಲಗನ್ನು ಸ್ವಲ್ಪ ಹೊರಕ್ಕೆ ಒತ್ತಬೇಕು. ಮೊದಲ ಗಂಟೆ ದೋಣಿ ಹಾವಿನಂತೆ ಹೋಗುತ್ತದೆ. ಎರಡನೆಯ ದಿನದ ಹೊತ್ತಿಗೆ ಕೈ ತಾನಾಗಿ ತಿರುಗುತ್ತದೆ.

ಒಡಹುಟ್ಟಿದವರ ಪ್ರವಾಸ ಕೆಡುವುದೂ ಈ ಎರಡು ಪೀಠಗಳ ನಡುವೆಯೇ. ದೊಡ್ಡವರು ಹಿಂದೆ ಕೂತು ಆಜ್ಞೆ ಕೊಡುತ್ತಾರೆ. ಚಿಕ್ಕವರು ಮುಂದೆ ಕೂತು, ಬೆನ್ನ ಹಿಂದಿನಿಂದ ಬರುವ ಬೋಧನೆ ಕೇಳುತ್ತಾರೆ. ಊಟದ ತಟ್ಟೆ, ಹೋಮ್‌ವರ್ಕ್, ಸೈಕಲ್, ಎಲ್ಲ ನೆನಪಾಗುತ್ತದೆ. ನಾವು ಇಟ್ಟುಕೊಂಡಿರುವ ಕಟ್ಟಳೆ ಹೀಗಿದೆ. ಗಾಳಿ ಇರುವಾಗ ಚೆನ್ನಾಗಿ ತಿರುಗಿಸಬಲ್ಲವರು ಹಿಂದೆ, ವಯಸ್ಸು ಲೆಕ್ಕಕ್ಕಿಲ್ಲ. ನೀರು ನಿಶ್ಚಲವಾಗಿರುವ ಬೆಳಗಿನಲ್ಲಿ ಅದಲುಬದಲು. ಹಿಂದಿನವರು ದಿಕ್ಕಿನ ಬಗ್ಗೆ ಮಾತ್ರ ಮಾತಾಡಬೇಕು, ಮುಂದಿನವರ ಹುಟ್ಟಿನ ಲಯದ ಬಗ್ಗೆ ಅಲ್ಲ. ಇಬ್ಬರಲ್ಲಿ ಯಾರೊಬ್ಬರು "ದಡಕ್ಕೆ ಹೋಗೋಣ" ಎಂದರೂ ದಡಕ್ಕೇ. ಚರ್ಚೆ ನೆಲದ ಮೇಲೆ.

ಈ ಕೊನೆಯದನ್ನು ಬಿಟ್ಟುಕೊಡಲೇಬೇಡಿ. ಹೆದರಿದವರು ಹೆದರಿದೆ ಎಂದು ಹೇಳಲು ಅಕ್ಕನ ಎದುರು, ಅಣ್ಣನ ಎದುರು ಹಿಂಜರಿಯುತ್ತಾರೆ. ಕಾರಣ ಕೇಳದೆ ತಿರುಗಿಸುವ ಒಪ್ಪಂದವಿದ್ದರೆ ಆ ಹಿಂಜರಿಕೆ ಅಪಾಯವಾಗುವುದಿಲ್ಲ.

ಹೊರೆಯ ಗಣಿತ

ಒಂದು ಕಿಲೋಮೀಟರಿನ ಪೋರ್ಟೇಜನ್ನು ಸಾಮಾನಿನ ಜೊತೆ ಒಂದೇ ಸಲಕ್ಕೆ ದಾಟಿದರೆ ಒಂದು ಕಿಲೋಮೀಟರ್. ಎರಡು ಸಲ ಹೊರಬೇಕಾಗಿ ಬಂದರೆ ಹೋಗಿ, ಬರಿಗೈಯಲ್ಲಿ ಮರಳಿ, ಮತ್ತೆ ಹೋಗಿ, ಮೂರು ಕಿಲೋಮೀಟರ್. ಪ್ರತಿಯೊಂದು ಹೆಚ್ಚುವರಿ ವಸ್ತುವನ್ನು ಈ ಲೆಕ್ಕದಿಂದ ತೂಗಿ.

ಇಬ್ಬರಿಗೆ ಹೊಂದುವ ವಿಭಾಗ: ಒಬ್ಬರ ತಲೆಯ ಮೇಲೆ ದೋಣಿ, ಬೆನ್ನಿಗೆ ಹಗುರ ಚೀಲ, ಇನ್ನೊಬ್ಬರ ಬೆನ್ನಿಗೆ ದೊಡ್ಡ ಚೀಲ, ಕೈಯಲ್ಲಿ ಹುಟ್ಟುಗಳು. ಆಹಾರದ ನೀಲಿ ಪೀಪಾಯಿ ಇದ್ದರೆ ಅದಕ್ಕೊಂದು ಎರಡನೆಯ ನಡಿಗೆ. ಆ ನಡಿಗೆಯನ್ನು ಇಬ್ಬರೂ ಸೇರಿ ಮಾಡಿ. ಖಾಲಿ ಕೈಯಲ್ಲಿ ಮರಳುವ ಆ ಹದಿನೈದು ನಿಮಿಷದಲ್ಲಿ ಕಾಡು ಬೇರೆಯಾಗಿ ಕಾಣುತ್ತದೆ: ಹೊರೆ ಹೊತ್ತಾಗ ಕಾಲಬುಡದ ಬೇರು ಮಾತ್ರ ಕಂಡಿತ್ತು, ಈಗ ಹೆಮ್ಲಾಕ್ ಮರದ ತುದಿ ಕಾಣುತ್ತದೆ. ನನಗೂ ತಮ್ಮನಿಗೂ ನಡುವೆ ಮುಖ್ಯವಾದ ಮಾತುಗಳು ನಡೆಯುವುದು ಹೆಚ್ಚಾಗಿ ಇದೇ ವಾಪಸು ದಾರಿಯಲ್ಲಿ.

ದೋಣಿ ಎತ್ತುವ ರೀತಿ: ಅದನ್ನು ನೆಲದ ಮೇಲೆ ಬೋರಲು ಹಾಕಿ. ಒಬ್ಬರು ಮುಂದಿನ ಮೂತಿಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ಹಿಡಿಯಬೇಕು. ಹಿಂದಿನ ತುದಿ ನೆಲದಲ್ಲೇ ಇರಲಿ. ಇನ್ನೊಬ್ಬರು ಆ ಮಾಡಿನ ಕೆಳಗೆ ನುಸುಳಿ, ನಡುವಿನ ಮರದ ನೊಗಕ್ಕೆ ಹೆಗಲು ಕೊಟ್ಟು, ನಿಧಾನವಾಗಿ ನೇರ ನಿಂತರೆ ಹಿಂದಿನ ತುದಿ ತಾನಾಗಿ ಏಳುತ್ತದೆ. "ಬಿಟ್ಟೆ" ಎಂದು ಹೇಳಿಯೇ ಮೊದಲನೆಯವರು ಕೈ ಬಿಡಬೇಕು. ಒಬ್ಬರೇ ತೊಡೆಯ ಮೇಲಿಂದ ಎತ್ತಿ ಹಾಕಿಕೊಳ್ಳುವ ಸಾಹಸವನ್ನು ನಾನು ಮೆಚ್ಚುವುದಿಲ್ಲ. ಆಸ್ಪತ್ರೆ ದೂರ, ಸೊಂಟ ಉಳುಕಿದರೆ ಇಬ್ಬರಿಗೂ ಪ್ರವಾಸ ಅಲ್ಲಿಗೇ ಮುಗಿಯುತ್ತದೆ.

ಅಡುಗೆ

ನಮ್ಮ ಅಡುಗೆಮನೆಯಲ್ಲಿ ಇಂಥ ಪ್ರವಾಸಕ್ಕೆ ಬೇಕಾದದ್ದೆಲ್ಲ ಮೊದಲೇ ಇದೆ. ಹೊರಾಂಗಣದ ಅಂಗಡಿಗಳಲ್ಲಿ ಸಿಗುವ ಒಣಗಿಸಿದ ಊಟದ ದುಬಾರಿ ಪೊಟ್ಟಣಗಳ ಬದಲು ಮನೆಯ ಕಪಾಟು ತೆರೆಯಿರಿ. ಒಬ್ಬರಿಗೆ ದಿನಕ್ಕೆ ಆರುನೂರರಿಂದ ಏಳುನೂರು ಗ್ರಾಂ ಒಣ ಆಹಾರ ಎಂದು ಲೆಕ್ಕ ಹಾಕಿ.

ಬೆಳಗಿಗೆ ಉಪ್ಪಿಟ್ಟು: ರವೆಯನ್ನು ಒಗ್ಗರಣೆ ಸಮೇತ ಮನೆಯಲ್ಲೇ ಹುರಿದು, ಉಪ್ಪು ಬೆರೆಸಿ, ಒಂದೊಂದು ಹೊತ್ತಿಗೆ ಒಂದೊಂದು ಚೀಲ ಮಾಡಿಡಿ, ಕುದಿಯುವ ನೀರಿಗೆ ಸುರಿದರೆ ಐದು ನಿಮಿಷ. ಮಧ್ಯಾಹ್ನ ಒಲೆ ಹಚ್ಚಬೇಡಿ. ಗೊಜ್ಜವಲಕ್ಕಿಗೆ ಕೆರೆಯ ಶುದ್ಧ ಮಾಡಿದ ನೀರು ಸಾಕು. ಇಲ್ಲವೇ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೇಲೊಂದು ಚಮಚ ತುಪ್ಪ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ತೂಕವಿಲ್ಲ. ಪುಡಿಯಾಗದಂತೆ ತಟ್ಟೆಯಗಲದ ಡಬ್ಬಿಯಲ್ಲಿಡಿ. ರಾತ್ರಿಗೆ ಹೆಸರುಬೇಳೆ ಮತ್ತು ಅಕ್ಕಿಯ ಖಾರ ಪೊಂಗಲ್. ತೊಗರಿಬೇಳೆ ತರಬೇಡಿ, ಕುಕ್ಕರಿಲ್ಲದೆ ಬೇಯಿಸಲು ಗ್ಯಾಸ್ ಸಾಲದು. ಹೆಸರುಬೇಳೆಯನ್ನು ಹುರಿದು ಒಂದು ಗಂಟೆ ನೆನೆಸಿಟ್ಟರೆ ಬೇಗ ಬೇಯುತ್ತದೆ. ಪೋರ್ಟೇಜ್ ನಡುವೆ ಬಾಯಾಡಿಸಲು ಬೆಲ್ಲ, ಚಿಕ್ಕಿ, ಹುರಿಗಡಲೆ. ಸಂಜೆಯ ಚಹಾ ಮರೆಯಬೇಡಿ. ತಂಪಿನಲ್ಲಿ ಡೇರೆ ಹೂಡಿ ಕೂತ ಹೊತ್ತಿಗೆ ಅದರಷ್ಟು ಬೇಗ ಮನಸ್ಸನ್ನು ಸರಿಮಾಡುವ ಇನ್ನೊಂದನ್ನು ನಾನು ಕಂಡಿಲ್ಲ.

ಕೆರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೆಯೇ ಕುಡಿಯಬೇಡಿ. ನೀರಿನಲ್ಲಿ ಬಾಳುವ ಬೀವರ್ ಪ್ರಾಣಿಗಳ ನಾಡು ಇದು, ಅವುಗಳ ಮಲದಿಂದ ನೀರಿಗೆ ಸೇರುವ ಜಿಯಾರ್ಡಿಯಾ ಎಂಬ ಪರೋಪಜೀವಿ ಹೊಟ್ಟೆ ಕೆಡಿಸುತ್ತದೆ. ಮರಕ್ಕೆ ನೇತುಹಾಕುವ ಸೋಸುಚೀಲ ಒಯ್ಯಿರಿ, ಅಥವಾ ಒಂದು ನಿಮಿಷ ಚೆನ್ನಾಗಿ ಕುದಿಸಿ. ಪಾತ್ರೆ ತೊಳೆದ ನೀರನ್ನು ಕೆರೆಯಿಂದ ಅರವತ್ತು ಮೀಟರ್ ದೂರ ಚೆಲ್ಲಿ. ಮಣ್ಣಿನಲ್ಲಿ ಕರಗುವ ಸೋಪು ಎಂದು ಬರೆದಿದ್ದರೂ ಕೆರೆಗೆ ಸೇರುವುದು ಬೇಡ.

ಕರಡಿ

ಇಲ್ಲಿರುವುದು ಕಪ್ಪು ಕರಡಿ. ಬಹುಪಾಲು ಸಂದರ್ಭದಲ್ಲಿ ಅದಕ್ಕೆ ಬೇಕಾದದ್ದು ನೀವಲ್ಲ, ನಿಮ್ಮ ಚೀಲದ ವಾಸನೆ. ನಮ್ಮ ಮಸಾಲೆಯ ಘಮ ಬಲು ದೂರ ಹೋಗುತ್ತದೆ. ಆದ್ದರಿಂದ ಆಹಾರ, ಕಸ, ಟೂತ್‌ಪೇಸ್ಟ್, ಸೋಪು, ಔಷಧಿ, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ, ಡೇರೆಯಿಂದ ದೂರದ ಮರಕ್ಕೆ, ನೆಲದಿಂದ ನಾಲ್ಕು ಮೀಟರ್ ಎತ್ತರಕ್ಕೆ, ಕಾಂಡದಿಂದ ಎರಡು ಮೀಟರ್ ಆಚೆಗೆ ತೂಗುಹಾಕಿ. ಹದಿನೈದರಿಂದ ಇಪ್ಪತ್ತು ಮೀಟರ್ ಹಗ್ಗ ಬೇಕು. ಈ ಕೆಲಸವನ್ನು ಬೆಳಕಿರುವಾಗಲೇ ಮುಗಿಸಿ. ಕತ್ತಲಲ್ಲಿ ತಲೆದೀಪ ಕಟ್ಟಿಕೊಂಡು ಕೊಂಬೆಗೆ ಕಲ್ಲು ಎಸೆಯುವುದು ಇಬ್ಬರ ತಾಳ್ಮೆಯನ್ನೂ ಸುಡುತ್ತದೆ. ಡೇರೆಯೊಳಗೆ ಒಂದು ಚಿಕ್ಕಿಯ ತುಂಡೂ ಇರಬಾರದು.

ಎದುರಾದರೆ ಓಡಬೇಡಿ. ಒಟ್ಟಿಗೆ ನಿಂತು, ಜೋರಾಗಿ ಮಾತಾಡುತ್ತಾ, ಅದಕ್ಕೆ ದಾರಿ ಬಿಟ್ಟು, ಮುಖ ತಿರುಗಿಸದೆ ಹಿಂದೆ ಸರಿಯಿರಿ. ಆದರೂ ಬಿಡದೆ ಹಿಂಬಾಲಿಸಿ ಮೈಮೇಲೆ ಬಂದರೆ ಸತ್ತಂತೆ ಬಿದ್ದುಕೊಳ್ಳಬಾರದು; ಕೈಗೆ ಸಿಕ್ಕ ಹುಟ್ಟು, ಕಲ್ಲಿನಿಂದ ಹೋರಾಡಬೇಕು.

ಡೇರೆ ಹೂಡುವ ಮುನ್ನ ತಲೆಯೆತ್ತಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಒಣಗಿ ನಿಂತ ಮರ, ಮುರಿದು ತೂಗುವ ಕೊಂಬೆ ಇದ್ದರೆ ಅದರ ಬೀಳುವ ದೂರದಲ್ಲಿ ಮಲಗಬಾರದು. ಕರಡಿಗಿಂತ ನಾನು ಹೆಚ್ಚು ಎಚ್ಚರದಿಂದ ಇರುವುದು ಇವುಗಳ ಬಗ್ಗೆ.

ನೀರು, ಗಾಳಿ, ಚಳಿ

ನಮ್ಮಲ್ಲಿ ಅನೇಕರು ಈಜು ಕಲಿಯದೆ ಬೆಳೆದವರು. ಅದಕ್ಕಾಗಿ ಈ ಪ್ರವಾಸ ಬಿಡಬೇಕಿಲ್ಲ, ಆದರೆ ಲೈಫ್‌ಜಾಕೆಟ್ ಮೈಮೇಲಿರಬೇಕು, ದೋಣಿಯ ತಳದಲ್ಲಲ್ಲ. ಒಬ್ಬೊಬ್ಬರಿಗೆ ಅಳತೆಗೆ ತಕ್ಕ ಜಾಕೆಟ್, ಹದಿನೈದು ಮೀಟರಿನ ತೇಲುವ ಎಸೆಹಗ್ಗ, ಸೀಟಿ ಇರಬೇಕೆಂದು ಕೆನಡಾದ ಕಾನೂನೇ ಹೇಳುತ್ತದೆ. ನೀರು ಮೊಗೆಯಲು ಒಂದು ಪಾತ್ರೆಯನ್ನೂ ದೋಣಿಗೆ ಕಟ್ಟಿಡಿ. ಜುಲೈನ ಬಿಸಿಲು ದಿನ, ಕಾವಲಿರುವ ಯಾವುದಾದರೂ ಕಡಲತೀರದಂಥ ಜಾಗದಲ್ಲಿ, ಬೇಕೆಂದೇ ದೋಣಿ ಮಗುಚಿ ನೋಡಿ. ಜಾಕೆಟ್ ಹೇಗೆ ಎತ್ತಿ ಹಿಡಿಯುತ್ತದೆ, ಬೋರಲಾದ ದೋಣಿಯನ್ನು ಹಿಡಿದುಕೊಂಡು ದಡಕ್ಕೆ ಹೇಗೆ ಕಾಲು ಬಡಿಯಬೇಕು ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಮಗುಚಿದರೆ ದೋಣಿ ಬಿಟ್ಟು ಈಜಿ ಹೋಗಬೇಡಿ. ತೇಲುವ ಸಾಮಾನು ತೇಲಿಹೋಗಲಿ.

ಬೆಳಿಗ್ಗೆ ನೀರು ಸಾಮಾನ್ಯವಾಗಿ ಶಾಂತ; ಮಧ್ಯಾಹ್ನ ಗಾಳಿ ಏಳುತ್ತದೆ. ದೊಡ್ಡ ಸರೋವರಗಳನ್ನು ಹತ್ತು ಗಂಟೆಯೊಳಗೆ ದಾಟಿ, ದಡಕ್ಕೆ ಹತ್ತಿರವೇ ಸಾಗಿ. ಅಲೆಗಳಿಗೆ ಬಿಳಿ ನೊರೆ ಮೂಡಿದರೆ ಹೊರಡಬೇಡಿ. ಆಗಲೇ ನೀರಿನಲ್ಲಿದ್ದರೆ ಪೀಠದಿಂದ ಇಳಿದು ಮಂಡಿಯೂರಿ ಕೂತು ಹತ್ತಿರದ ದಡ ಸೇರಿ. ಗುಡುಗು ಕೇಳಿದ ಕ್ಷಣ ನೀರು ಬಿಡಬೇಕು. ಪ್ರವಾಸದಲ್ಲಿ ಒಂದು ದಿನ ಗಾಳಿಗಾಗಿ ಎಂದೇ ಸಡಿಲ ಇಟ್ಟುಕೊಂಡಿದ್ದರೆ ಯಾರಿಗೂ ಅವಸರ ಇರುವುದಿಲ್ಲ. ಸೋಮವಾರ ಬೆಳಿಗ್ಗೆ ಕಚೇರಿಯ ಸಭೆ ಇಟ್ಟುಕೊಂಡು ಭಾನುವಾರ ರಾತ್ರಿ ಮರಳುವ ಯೋಜನೆಯೇ ಅಪಾಯಕಾರಿ.

ಹತ್ತಿಯ ಬಟ್ಟೆ ಒದ್ದೆಯಾದರೆ ಬೇಗ ಒಣಗದೆ ಮೈಯ ಶಾಖ ಹೀರುತ್ತದೆ. ಜೀನ್ಸ್ ಬೇಡ. ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಮಲಗುವಾಗ ಮಾತ್ರ ಹಾಕುವ ಒಂದು ಜೊತೆ ಬಟ್ಟೆ, ಸೊನ್ನೆ ಡಿಗ್ರಿಗೆ ಸಾಲುವ ಮಲಗುಚೀಲ, ಇವೆರಡನ್ನೂ ನೀರು ನುಗ್ಗದ ಚೀಲದಲ್ಲಿ ಕಟ್ಟಿ, ಏನೇ ಆದರೂ ಹಗಲಲ್ಲಿ ತೆರೆಯಬೇಡಿ. ಮೈ ನಡುಗುತ್ತಾ ಮಾತು ತೊದಲಿದರೆ ಅದು ಬರೀ ಚಳಿಯಲ್ಲ. ಆಗ ಒದ್ದೆ ಬಟ್ಟೆ ಕಳಚಿಸಿ, ಒಣಬಟ್ಟೆ ಹಾಕಿಸಿ, ಮಲಗುಚೀಲಕ್ಕೆ ಸೇರಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಸಂಜೆ ಉಣ್ಣಿ ಹತ್ತಿದೆಯೇ ಎಂದು ಮೊಣಕಾಲಿನ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ.

ಶೌಚಕ್ಕೆ ಪ್ರತಿ ಜಾಗದ ಹಿಂದೆ ಕಾಡಿನಲ್ಲಿ ಗುಂಡಿಯ ಮೇಲಿಟ್ಟ ಮುಚ್ಚಳದ ಮರದ ಪೆಟ್ಟಿಗೆ ಇರುತ್ತದೆ. ಗೋಡೆ, ಬಾಗಿಲು ಇಲ್ಲ. ಹಗುರವಾದ ಒಂದು ತಂಬಿಗೆ ಒಯ್ಯಿರಿ, ನಮ್ಮವರು ಇದನ್ನು ಪಟ್ಟಿಯಲ್ಲಿ ಬರೆಯುವುದಿಲ್ಲ, ಆಮೇಲೆ ನೆನೆಸಿಕೊಳ್ಳುತ್ತಾರೆ. ಯಾರಾದರೂ ಹೋದಾಗ ಹಾದಿಗೆ ಅಡ್ಡ ಹುಟ್ಟನ್ನು ಇಟ್ಟು ಹೋದರೆ ಇನ್ನೊಬ್ಬರಿಗೆ ಗುರುತು.

ಮನೆಯವರಿಗೆ ಏನು ಹೇಳಬೇಕು

ಒಳಗಾಡಿನಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಂದು ನಂಬಿ ಹೋಗುವಂತಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್‌ನಂಥ ಸಾಧನ ಬಾಡಿಗೆಗೆ ತೆಗೆದುಕೊಳ್ಳಿ. ಐಫೋನ್ 14 ಮತ್ತು ಆನಂತರದ ಫೋನುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯ ಕೆನಡಾದಲ್ಲಿ ಕೆಲಸ ಮಾಡುತ್ತದೆ. ಆದರೆ ಬ್ಯಾಟರಿ ಚಳಿಗೆ ಬೇಗ ಇಳಿಯುವುದರಿಂದ ಅದೊಂದನ್ನೇ ನೆಚ್ಚಬೇಡಿ.

ಪ್ರತಿ ರಾತ್ರಿಯ ಸರೋವರ, ಕಾರು ನಿಲ್ಲಿಸಿದ ಜಾಗ, ಕಾರಿನ ಸಂಖ್ಯೆ, ದೋಣಿಯ ಬಣ್ಣ, ಹೊರಬರುವ ದಿನ ಮತ್ತು ಗಂಟೆ, ಇಷ್ಟನ್ನು ಬರೆದು ಒಂಟಾರಿಯೊದಲ್ಲೇ ಇರುವ ಒಬ್ಬರಿಗೆ ಕೊಡಿ. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಅಪ್ಪ-ಅಮ್ಮನಿಗೆ ಈ ಜವಾಬ್ದಾರಿ ಕೊಡಬಾರದು. ಒಂಬತ್ತೂವರೆ ಗಂಟೆಯ ಅಂತರದಲ್ಲಿ ಅವರು ಯಾರಿಗೆ ಫೋನ್ ಮಾಡಿಯಾರು? ಇಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಉದ್ಯಾನದ ಕಚೇರಿಗೂ ಪ್ರಾಂತ್ಯದ ಪೊಲೀಸರಿಗೂ ಕರೆ ಮಾಡಿ ಎಂದು ಇಲ್ಲಿನವರಿಗೆ ಸ್ಪಷ್ಟವಾಗಿ ಹೇಳಿಡಿ. ಅಮ್ಮನಿಗೆ ಹೊರಡುವ ಮುನ್ನ ಒಂದು ಕರೆ, ಐದು ದಿನ ಫೋನ್ ಬರುವುದಿಲ್ಲ ಎಂಬ ಸತ್ಯ, ಮತ್ತು ಇಲ್ಲಿನವರ ಫೋನ್ ಸಂಖ್ಯೆ. ಸುಳ್ಳು ಹೇಳಿ ಹೋಗಬೇಡಿ. ಇಬ್ಬರು ಮಕ್ಕಳೂ ಒಂದೇ ದೋಣಿಯಲ್ಲಿದ್ದಾರೆ ಎಂಬುದು ಅವರಿಗೆ ಸಣ್ಣ ವಿಷಯವಲ್ಲ.

ಊರಿನಿಂದ ಒಡಹುಟ್ಟಿದವರು ಪ್ರವಾಸಿ ವೀಸಾದಲ್ಲಿ ಬಂದಿದ್ದಾಗ ಹೋಗುವುದಾದರೆ ಅವರ ಪ್ರಯಾಣವಿಮೆ ಇಂಥ ಚಟುವಟಿಕೆಗೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಅವರ ಮೊದಲ ವಾರದಲ್ಲಿ, ನಿದ್ದೆಯ ಹೊತ್ತು ತಪ್ಪಿರುವಾಗ ಕರೆದೊಯ್ಯಬೇಡಿ. ಯೋಜನೆಯ ಉದ್ದವನ್ನು ಇಬ್ಬರಲ್ಲಿ ಕಡಿಮೆ ಕಸುವಿರುವವರ ಅಳತೆಗೆ ಹೊಲಿಯಿರಿ.

ಖರ್ಚು, ಅಡುಗೆಯ ಪಾಳಿ, ಫೋನ್ ಎಷ್ಟು ಹೊತ್ತು ತೆರೆಯಬಹುದು, ಇವನ್ನೂ ಮನೆಯಲ್ಲೇ ಮಾತಾಡಿ ಮುಗಿಸಿ. ಆಸ್ತಿಯ ಮಾತು, ಅಪ್ಪ-ಅಮ್ಮನನ್ನು ಯಾರು ನೋಡಿಕೊಳ್ಳಬೇಕೆಂಬ ಮಾತು ಕಾಡಿನಲ್ಲಿ ಎತ್ತಬಾರದೆಂದು ನಾನು ಹೇಳುವುದಿಲ್ಲ. ಅಂಥ ಮಾತಿಗೆ ಬೇಕಾದ ಬಿಡುವು ಅಲ್ಲಿರುತ್ತದೆ. ದೋಣಿಯಲ್ಲಿ ಬೇಡ, ಒಲೆಯ ಮುಂದೆ ಆಗಲಿ. ದಿನಕ್ಕೊಂದು ಗಂಟೆ ಇಬ್ಬರೂ ಬೇರೆಬೇರೆ ಬಂಡೆಯ ಮೇಲೆ, ಒಬ್ಬರಿಗೊಬ್ಬರು ಕಾಣದಂತೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಕೂರುವುದನ್ನೂ ರೂಢಿಸಿಕೊಳ್ಳಿ. ಏಕಾಂತ ಹುಡುಕಿ ಬಂದವರಿಗೆ ಅದು ಒಡಹುಟ್ಟಿದವರಿಂದಲೂ ಸ್ವಲ್ಪ ಹೊತ್ತು ಬೇಕಾಗುತ್ತದೆ, ತಪ್ಪು ತಿಳಿಯುವ ಕಾರಣವಿಲ್ಲ.

ಹೊರಬರುವ ದಿನ

ಕೊನೆಯ ಬೆಳಗು ಒಲೆಯ ಬೂದಿಗೆ ನೀರು ಸುರಿದು, ಕಡ್ಡಿಯಿಂದ ಕಲಕಿ, ಬರಿಗೈ ಹತ್ತಿರ ಇಟ್ಟು ಶಾಖವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಡೇರೆ ಇದ್ದ ಜಾಗವನ್ನು ಒಬ್ಬರು ಎಡದಿಂದ, ಒಬ್ಬರು ಬಲದಿಂದ ನಡೆದು ನೋಡಿ. ಹಗ್ಗದ ತುಂಡು, ಚಿಕ್ಕಿಯ ಕಾಗದ, ಒಗ್ಗರಣೆಯ ಮೆಣಸಿನಕಾಯಿ ಕೂಡ ನಿಮ್ಮ ಚೀಲದಲ್ಲೇ ಹೊರಗೆ ಬರಬೇಕು. ಮುಂದಿನವರಿಗೆ ಒಣಕಡ್ಡಿಯ ಒಂದು ಚಿಕ್ಕ ಕಟ್ಟು ಒಲೆಯ ಪಕ್ಕ ಬಿಟ್ಟು ಬನ್ನಿ.

ಕಾರಿನ ಚಾವಣಿಗೆ ದೋಣಿ ಕಟ್ಟುವಾಗ ನಡುವಿನ ಎರಡು ಪಟ್ಟಿ ಸಾಲದು, ಮುಂದಿನ ಮತ್ತು ಹಿಂದಿನ ತುದಿಯಿಂದಲೂ ಹಗ್ಗ ಬಿಗಿಯಬೇಕು; ಹತ್ತು ನಿಮಿಷ ಓಡಿಸಿದ ಮೇಲೆ ಒಮ್ಮೆ ನಿಲ್ಲಿಸಿ ಎಳೆದು ನೋಡಿ. ಮೂರು ಗಂಟೆಯ ದಾರಿ, ಮೈ ದಣಿದಿರುತ್ತದೆ, ಸಂಜೆ ರಸ್ತೆಗೆ ಮೂಸ್ ಬರುತ್ತವೆ; ಆದ್ದರಿಂದ ಮಧ್ಯಾಹ್ನವೇ ಹೊರಟು, ಇಬ್ಬರೂ ಪಾಳಿಯಲ್ಲಿ ಓಡಿಸಿ. ಸಿಗ್ನಲ್ ಬಂದ ಕೂಡಲೇ ಮೊದಲ ಕರೆ ಪಟ್ಟಿ ಇಟ್ಟುಕೊಂಡು ಕಾಯುತ್ತಿರುವವರಿಗೆ, ಎರಡನೆಯದು ಅಮ್ಮನಿಗೆ, ಅಲ್ಲಿ ನಡುರಾತ್ರಿಯಾಗಿದ್ದರೆ ಒಂದು ಸಂದೇಶ. ಮನೆ ತಲುಪಿದ ಮೇಲೆ ಡೇರೆ ಮತ್ತು ಮಲಗುಚೀಲಗಳನ್ನು ಅಂದೇ ಬಿಚ್ಚಿ ಹರವಿ, ಪೂರ್ತಿ ಒಣಗುವ ತನಕ ಮಡಿಸಬೇಡಿ.